ಮೂರನೇ ಮೇಲ್ಮನವಿದಾರ

ಪಟ್ನಾ ಹೈಕೋರ್ಟಿನ ಹದಿನೇಳನೇ ಕೋಣೆಯಲ್ಲಿ
ಇವತ್ತು ಅಪ್ಪನ ಹೆಸರು ಕೂಗಿದರು.
ನಾನು ಎದ್ದು ನಿಂತೆ.

ಸತ್ತವನ ಬದಲು ನಿಲ್ಲುವುದಕ್ಕೂ ಒಂದು ಅರ್ಜಿಯುಂಟು,
ಮೂವತ್ತು ದಿನದೊಳಗೆ ಹಾಕಬೇಕು.
ಹದಿಮೂರನೇ ದಿನದ ಎಲೆ ಎತ್ತುತ್ತಿದ್ದಾಗ
ವಕೀಲರ ಗುಮಾಸ್ತ ಬಂದು ಹೊಸಿಲಾಚೆಯೇ ನಿಂತು ಹೇಳಿದ್ದ:
ನೀವು ಸುಮ್ಮನಿದ್ದರೆ ಕೇಸು ತಾನಾಗಿ ಆರಿಹೋಗುತ್ತದೆ.
ಆರಲಿ ಬಿಡೇ, ಅಂದಳು ದೊಡ್ಡಮ್ಮ.
ಆರುವುದು ಮೇಲ್ಮನವಿ, ಶಿಕ್ಷೆಯಲ್ಲ ಎಂದು
ಅವಳಿಗೆ ತಿಳಿಸಿ ಹೇಳುವಷ್ಟರಲ್ಲಿ ಎಲೆಗೆ ನಾಯಿ ಬಾಯಿಟ್ಟಿತ್ತು.
ಹೆಬ್ಬೆಟ್ಟಿನ ಮನೆಯಲ್ಲಿ ಸಹಿ ಬರುವವಳು ನಾನೊಬ್ಬಳೇ.
ಹಾಕಿದೆ.

ಇಪ್ಪತ್ತಾರು ವರ್ಷದ ಹಿಂದಿನ ಭಾದ್ರಪದ,
ದರ್ಭಂಗಾದಾಚೆ ನಮ್ಮ ಕೆರೆ. ನಮ್ಮ ಎಂಬುದೇ ತಕರಾರು.
ಹರಾಜಿನಲ್ಲಿ ಕೂಗಿದವನು ಬಿಲಟ್ ಮುಖಿಯಾ,
ಮುಳ್ಳೆಲೆಯಡಿ ಉಸಿರು ಕಟ್ಟಿ
ಕೆಸರಿನಿಂದ ಮಖಾನದ ಬೀಜ ಬಾಚಿದವರು ನಮ್ಮವರು.
ಕೂಲಿ ಕೇಳಿದರು, ಮಾತಿಗೆ ಮಾತು ಬೆಳೆಯಿತು.
ದೊಡ್ಡಪ್ಪ ಫೇಕನ್ ಹೊಡೆದ.
ನಡುವಿನವನು ಝಿಂಗುರ್ ತೋಳು ಹಿಡಿದ.
ಕಿರಿಯವನು ಮುಸಾಯ್, ನನ್ನಪ್ಪ,
ಲಾಟೀನು ಎತ್ತಿ ನಿಂತಿದ್ದ.
ಮೂವರಿಗೂ ಏಳೇಳು ವರ್ಷ, ಸಮಾನ ಉದ್ದೇಶ ಎಂದು.
ಅಜ್ಜನ ಒಂದು ದೋಣಿಯನ್ನೂ ಸಮಾನವಾಗಿ ಹಂಚಿಕೊಳ್ಳದ ಮೂವರಿಗೆ.

ಥಾಪಿ ಎಂದರೇನು, ಕೇಳಿದರು ನ್ಯಾಯಮೂರ್ತಿಗಳು.
ಒಂದು ಬಗೆಯ ಸುತ್ತಿಗೆ, ಮಹಾಸ್ವಾಮಿ, ಅಂದರು ಸರ್ಕಾರಿ ವಕೀಲರು.
ನನ್ನ ಬಾಯಿ ತುದಿಗೆ ಬಂದಿತ್ತು:
ಸುತ್ತಿಗೆಯಲ್ಲ ಸ್ವಾಮಿ, ಮರದ ಹಲಗೆ,
ಹುರಿದ ಬೀಜ ಬಿಸಿಯಿರುವಾಗಲೇ ಒಂದೇ ಏಟು ಬಿದ್ದರೆ
ಕರಿ ಚಿಪ್ಪೊಡೆದು ಬಿಳಿ ಹೂವಾಗುತ್ತದೆ,
ತಡವಾದರೆ ಆಗುವುದಿಲ್ಲ.
ನಮ್ಮ ಮನೆಯ ಆ ಥಾಪಿ ಮಾಲ್‌ಖಾನೆಯಲ್ಲಿ
ಮುದ್ರೆ ಹಾಕಿಸಿಕೊಂಡು ಗೆದ್ದಲಿಗೆ ಆಯಿತು.
ಅವ್ವ ಇನ್ನೊಂದು ಮಾಡಿಸಲೇ ಇಲ್ಲ.

ತೀರ್ಪು ಹೇಳಿ ಬರೆಸಲು ಹಿಡಿದದ್ದು ಹನ್ನೊಂದು ನಿಮಿಷ.
ಫೇಕನ್‌ನದು ಮೊದಲೇ ಆರಿಹೋಗಿತ್ತು,
ಮಗ ಸೂರತ್ತಿನಲ್ಲಿ, ಅರ್ಜಿ ಹಾಕುವವರಿರಲಿಲ್ಲ;
ಅವನು ಮಾತ್ರ ಎಂದೆಂದಿಗೂ ಅಪರಾಧಿ.
ಝಿಂಗುರನಿಗೆ ಮುನ್ನೂರ ಏಳು ಹೋಗಿ ಸಣ್ಣ ಕಲಮು ಉಳಿಯಿತು,
ಕಳೆದ ಜೈಲೇ ಸಾಕು ಎಂದರು.
ಲಾಟೀನು ಹಿಡಿದವನ ಮನಸ್ಸು ಸಾಬೀತಾಗಿಲ್ಲ,
ಮೂರನೆಯವನಿಗೆ ಸಂಶಯದ ಲಾಭ,
ಜಾಮೀನು ಮುಚ್ಚಳಿಕೆಯಿಂದ ಬಿಡುಗಡೆ.
ಒಂದು ವರ್ಷದ ಹಿಂದೆ ಬೂದಿಯಾದವನು
ಇವತ್ತು ಮುಚ್ಚಳಿಕೆಯಿಂದ ಬಿಡುಗಡೆ.
ಲಾಭ ಎಂಬ ಮಾತು
ನಮ್ಮ ಮನೆಗೆ ಬಂದದ್ದು ಇದೇ ಮೊದಲು.

ಹೊರಗೆ ಲಿಟ್ಟಿ ಸುಡುವ ಗಾಡಿಯ ಹತ್ತಿರ ಬಿಲಟ್ ಮುಖಿಯಾ.
ನನ್ನ ಬಸ್ಸಿನಲ್ಲೇ ಬಂದಿದ್ದನಂತೆ, ಹಿಂದಿನ ಸೀಟಿನಲ್ಲಿ.
ಏನಾಯ್ತು ಮಗಳೇ ಎಂದ. ಹೇಳಿದೆ.
ತಲೆ ಬಗ್ಗಿಸಿದ; ಎಡಕ್ಕೆ ಎರಡೂವರೆ ಅಂಗುಲ,
ಕೂದಲು ಹುಟ್ಟದ ಒಂದು ತಗ್ಗು.
"ಆ ಬೆಳಕಿಲ್ಲದಿದ್ದರೆ ಏಟು ಕಪಾಲಕ್ಕೆ ಬಿದ್ದು
ಅಲ್ಲೇ ಸಾಯುತ್ತಿದ್ದೆ, ತಪ್ಪಿಸಿಕೊಂಡೆ.
ಆ ಬೆಳಕಿಲ್ಲದಿದ್ದರೆ ನನ್ನ ತಲೆ ಎಲ್ಲಿದೆಯೆಂದು
ಫೇಕನ್‌ಗೆ ಕಾಣುತ್ತಲೇ ಇರಲಿಲ್ಲ."
ಎರಡನ್ನೂ ಒಂದೇ ದನಿಯಲ್ಲಿ ಹೇಳಿ
ಇಬ್ಬರ ಚಹಾದ ದುಡ್ಡೂ ಕೊಟ್ಟ.
ಬೇಡವೆನ್ನಲು ನನ್ನಲ್ಲಿ ಚಿಲ್ಲರೆ ಇರಲಿಲ್ಲ.

ಈಗ ಗಂಗೆಯ ಸೇತುವೆ ಮೇಲೆ ಬಸ್ಸು ನಿಂತೇ ಇದೆ.
ಮುಂದೆ ಲಾರಿ, ಹಿಂದೆ ಲಾರಿ,
ಕೆಳಗೆ ಯಾರೋ ದೀಪ ಹಿಡಿದು ಬಲೆ ಎಳೆಯುತ್ತಿದ್ದಾರೆ.
ಜೈಲಿನಿಂದ ಬಂದ ಮೇಲೆ ಅಪ್ಪ ಲಾಟೀನು ಮುಟ್ಟಲಿಲ್ಲ.
ಕರೆಂಟು ಹೋದರೆ ಕತ್ತಲಲ್ಲೇ ಉಣ್ಣುತ್ತಿದ್ದ,
ಮೀನಿನ ಮುಳ್ಳನ್ನು ಬೆರಳಲ್ಲೇ ಹುಡುಕಿ ತೆಗೆದು
ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತಿದ್ದ.
ದೀಪ ತರಲಾ ಎಂದರೆ
ಬೇಡ, ನೀನು ಅಲ್ಲೇ ಇರು, ಅನ್ನುತ್ತಿದ್ದ.

ಇದನ್ನು ನಾನು ಯಾರಿಗೂ ಹೇಳಿಕೆ ಕೊಟ್ಟಿಲ್ಲ.